ಅಯೋಡಿನ್ನಿನ ಜಾಡು ಹಿಡಿದು

ಕತ್ತಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ ಎರಡು ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ. ಬೆರಳಿನಡಿ ಗಂಟಲು ಮೇಲೇರಿ ಮತ್ತೆ ಇಳಿಯುತ್ತದೆ. ಅದರ ಜೊತೆಯಲ್ಲೇ ಏರಿ ಇಳಿಯುವ, ಶ್ವಾಸನಾಳಕ್ಕೆ ಆತುಕೊಂಡು ಚಿಟ್ಟೆಯ ಆಕಾರದಲ್ಲಿ ಕುಳಿತಿರುವ ಅಂಗವೇ ಥೈರಾಯ್ಡ್ ಗ್ರಂಥಿ. ಬೆಳೆದವರಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರ ಚಿಕ್ಕದಾದರೂ ಅದರ ಅಧಿಕಾರ ದೊಡ್ಡದು. ದೇಹದ ಶಾಖ, ಎದೆಬಡಿತದ ವೇಗ, ಮಕ್ಕಳ ಬೆಳವಣಿಗೆ, ಮಿದುಳಿನ ಬೆಳವಣಿಗೆ ಎಲ್ಲಕ್ಕೂ ಅದು ಸ್ರವಿಸುವ ಹಾರ್ಮೋನು ಬೇಕು.

ಈ ಹಾರ್ಮೋನಿನ ಕಚ್ಚಾ ಸಾಮಗ್ರಿ ಅಯೋಡಿನ್. ನಮಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ ಮಾತ್ರ. ಎಪ್ಪತ್ತು ವರ್ಷ ಬಾಳಿದವರ ಇಡೀ ಆಯುಷ್ಯದ ಲೆಕ್ಕ ಹಾಕಿದರೂ ಅದು 4 ಗ್ರಾಂ ದಾಟುವುದಿಲ್ಲ. ಇಷ್ಟು ಅಪರೂಪದ ವಸ್ತುವನ್ನು ರಕ್ತದಿಂದ ಹೆಕ್ಕಿ ತೆಗೆದು ಕೂಡಿಡುವ ಕೆಲಸದಲ್ಲಿ ಥೈರಾಯ್ಡ್ ಬಹಳ ಚುರುಕು. ದೇಹದಲ್ಲಿರುವ ಅಯೋಡಿನ್ನಿನ ಬಹುಪಾಲು ಈ ಪುಟ್ಟ ಗ್ರಂಥಿಯಲ್ಲೇ ಇರುತ್ತದೆ. ಸಿಕ್ಕ ಅಯೋಡಿನ್ನನ್ನು ಅದು ಹಿಂದೆಮುಂದೆ ನೋಡದೆ ಒಳಗೆ ಸೇರಿಸಿಕೊಳ್ಳುತ್ತದೆ. ಸಾಧಾರಣ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಈ ಭೇದ ತಿಳಿಯದಿರುವುದೇ ವೈದ್ಯಶಾಸ್ತ್ರಕ್ಕೆ ಹೇಗೆ ದೀಪವಾಯಿತು, ಮತ್ತು ಅದೇ ಹೇಗೆ ಅಪಾಯದ ಬಾಗಿಲೂ ಆಯಿತು ಎಂಬುದು ಈ ಪ್ರಬಂಧದ ವಿಷಯ. ಪರದೆಯ ಮೇಲಿನ ಮಾತು ಬೇಗ ಸರಿದುಹೋಗುತ್ತದೆ. ಇಲ್ಲಿ ತುಸು ನಿಧಾನವಾಗಿ ನೋಡೋಣ.

ಕಡಲಪಾಚಿಯ ನೇರಳೆ ಹೊಗೆ

ಅಯೋಡಿನ್ ಕಂಡದ್ದು 1811ರಲ್ಲಿ, ಫ್ರಾನ್ಸಿನಲ್ಲಿ. ನೆಪೋಲಿಯನ್ನನ ಯುದ್ಧಗಳ ಕಾಲ. ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುತ್ತಿದ್ದ ಬರ್ನಾರ್ ಕೂರ್ತ್ವಾ ಎಂಬಾತ ಕಡಲಪಾಚಿಯ ಬೂದಿಯನ್ನು ಬಳಸುತ್ತಿದ್ದ. ಅದಕ್ಕೆ ಗಂಧಕಾಮ್ಲ ಹೆಚ್ಚಾಗಿ ಬಿದ್ದಾಗ ನೇರಳೆ ಬಣ್ಣದ ಹೊಗೆ ಎದ್ದು, ತಣ್ಣನೆಯ ಜಾಗದಲ್ಲಿ ಕಪ್ಪು ಹರಳುಗಳಾಗಿ ಕೂತಿತು. ನೇರಳೆ ಎಂಬರ್ಥದ ಗ್ರೀಕ್ ಮಾತಿನಿಂದಲೇ ಅಯೋಡಿನ್ ಎಂಬ ಹೆಸರು ಬಂತು.

ಕತ್ತು ಊದಿಕೊಳ್ಳುವ ಗಳಗಂಡ ರೋಗಕ್ಕೆ ಯುರೋಪಿನಲ್ಲಿ ಬಹುಕಾಲದಿಂದ ಕಡಲ ಸ್ಪಂಜನ್ನು ಸುಟ್ಟು ಕೊಡುವ ರೂಢಿಯಿತ್ತು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ, ಆ ಔಷಧದ ಗುಣವಿರುವುದು ಅಯೋಡಿನ್ನಿನಲ್ಲಿ ಇರಬಹುದೆಂದು ಊಹಿಸಿ, ಅದನ್ನೇ ನೇರವಾಗಿ ರೋಗಿಗಳಿಗೆ ಕೊಟ್ಟ. ಮುಕ್ಕಾಲು ಶತಮಾನದ ತರುವಾಯ, 1895–96ರಲ್ಲಿ, ಜರ್ಮನಿಯ ಆಯ್ಗೆನ್ ಬೌಮನ್ ಥೈರಾಯ್ಡ್ ಗ್ರಂಥಿಯೊಳಗೇ ಅಯೋಡಿನ್ ಇರುವುದನ್ನು ತೋರಿಸಿಕೊಟ್ಟ. 1914ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಗ್ರಂಥಿಯ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ. ಅದೇ ಥೈರಾಕ್ಸಿನ್.

ಇಷ್ಟೆಲ್ಲ ಗೊತ್ತಾದರೂ ಒಂದು ಕಗ್ಗಂಟು ಉಳಿದೇ ಇತ್ತು. ಗ್ರಂಥಿಯನ್ನು ಕತ್ತರಿಸಿ ತೆಗೆದರೆ ಅದರಲ್ಲಿ ಎಷ್ಟು ಅಯೋಡಿನ್ ಇದೆ ಎಂದು ತೂಗಬಹುದಿತ್ತು. ಆದರೆ ಬದುಕಿರುವ ದೇಹದಲ್ಲಿ ಅದು ಎಷ್ಟು ಬೇಗ ಒಳಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಎಂದು ತಿಳಿಯುವ ದಾರಿಯಿರಲಿಲ್ಲ. ನಿಮ್ಮೂರ ಕೆರೆಯನ್ನು ನೆನೆಸಿಕೊಳ್ಳಿ. ನಾಲ್ಕು ಹಳ್ಳಗಳ ನೀರು ಬಂದು ಸೇರಿದ ಮೇಲೆ, ಈ ಬೊಗಸೆಯ ನೀರು ಯಾವ ಹಳ್ಳದ್ದು ಎಂದು ಹೇಳುವುದು ಹೇಗೆ? ಒಂದು ಹಳ್ಳದ ನೀರಿಗೆ ಬಣ್ಣ ಕಲಸಿಬಿಟ್ಟರೆ ಮಾತ್ರ ಸಾಧ್ಯ. ಅಯೋಡಿನ್ನಿಗೂ ಅಂಥದೊಂದು ಬಣ್ಣ ಬೇಕಾಗಿತ್ತು.

ಗುರುತು ಹಚ್ಚಿದ ಪರಮಾಣು

ಬಣ್ಣದ ಉಪಾಯ ಹೊಳೆದದ್ದು ಹಂಗೆರಿಯ ರಸಾಯನಶಾಸ್ತ್ರಜ್ಞ ಜಾರ್ಜ್ ದ ಹೆವೆಶಿಗೆ. 1911ರ ಸುಮಾರಿಗೆ ಆತ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಬಳಿ ಇದ್ದ. ಸೀಸದ ರಾಶಿಯಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕೆಲಸ ಆತನ ಪಾಲಿಗೆ ಬಂತು. ಎಷ್ಟು ಹೆಣಗಿದರೂ ಅದು ಬೇರೆಯಾಗಲಿಲ್ಲ. ಕಾರಣ, ಅದೂ ಸೀಸವೇ, ಸೀಸದ ಇನ್ನೊಂದು ಐಸೊಟೋಪು. ಬೇರ್ಪಡಿಸಲು ಬಾರದ ಈ ಗುಣವನ್ನೇ ಹೆವೆಶಿ ಅನುಕೂಲಕ್ಕೆ ತಿರುಗಿಸಿಕೊಂಡ. ಸೀಸಕ್ಕೆ ತುಸು ವಿಕಿರಣಶೀಲ ಸೀಸ ಬೆರೆಸಿದರೆ ಎರಡೂ ಒಟ್ಟಿಗೇ ಸಾಗುತ್ತವೆ, ಒಂದರ ಜಾಡಿನಿಂದ ಇನ್ನೊಂದರ ನಡೆ ತಿಳಿಯುತ್ತದೆ. 1923ರಲ್ಲಿ ಆತ ಗಿಡಗಳ ಬೇರಿನಿಂದ ಎಲೆಗೆ ಸೀಸ ಏರುವುದನ್ನು ಹೀಗೇ ಅಳೆದ. ಇಂಥ ಗುರುತಿನ ಪರಮಾಣುಗಳನ್ನು ಟ್ರೇಸರ್ ಎನ್ನುತ್ತಾರೆ. 1943ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಹೆವೆಶಿಗೆ ಬಂದದ್ದು ಈ ಕೆಲಸಕ್ಕಾಗಿ.

ಆದರೆ ಸೀಸ ಜೀವಿಗಳಿಗೆ ವಿಷ. ದೇಹಕ್ಕೆ ಬೇಕಾದ ಧಾತುಗಳಲ್ಲಿ ಬಳಸಲು ಅನುಕೂಲವಾದ ಸಹಜ ವಿಕಿರಣಶೀಲ ರೂಪಗಳು ಸಿಗುತ್ತಿರಲಿಲ್ಲ. 1934ರಲ್ಲಿ ಪ್ಯಾರಿಸ್ಸಿನ ಐರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೊ ದಂಪತಿಗಳು ವಿಕಿರಣಶೀಲತೆಯನ್ನು ಕೃತಕವಾಗಿ ಉಂಟುಮಾಡಬಹುದೆಂದು ತೋರಿಸಿದರು. ಅದೇ ವರ್ಷ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿ ಒಂದೊಂದೇ ಧಾತುವಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸುತ್ತ ಹೋದ. ಅವುಗಳಲ್ಲಿ ಅಯೋಡಿನ್ನೂ ಇತ್ತು, ಅದೂ ವಿಕಿರಣಶೀಲವಾಯಿತು. ಆದರೆ ಥೈರಾಯ್ಡ್ ವೈದ್ಯರ ಕಣ್ಣು ಆ ವರದಿಯ ಮೇಲೆ ಬೀಳಲಿಲ್ಲ.

ಬಾಸ್ಟನ್ನಿನ ಒಂದು ಪ್ರಶ್ನೆ

1936ರ ನವೆಂಬರ್ 12ರಂದು ಬಾಸ್ಟನ್ ನಗರದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಒಂದು ಉಪನ್ಯಾಸ ನಡೆಯಿತು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ, ಅಂದರೆ ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಭಾಷಣಕಾರರು. ಭೌತಶಾಸ್ತ್ರ ವೈದ್ಯಶಾಸ್ತ್ರಕ್ಕೆ ಏನು ಮಾಡಬಲ್ಲದು ಎಂಬುದು ವಿಷಯ. ಸಭೆಯಲ್ಲಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಥೈರಾಯ್ಡ್ ವಿಭಾಗದ ಯುವ ವೈದ್ಯ ಸಾಲ್ ಹರ್ಟ್ಸ್ ಒಂದು ಪ್ರಶ್ನೆ ಕೇಳಿದ. ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲಗೊಳಿಸಬಹುದೇ? ಕಾಂಪ್ಟನ್ ಸ್ಥಳದಲ್ಲೇ ಉತ್ತರಿಸಲಾಗಲಿಲ್ಲ. ಒಂದು ತಿಂಗಳ ನಂತರ, ಡಿಸೆಂಬರ್ 15ರಂದು, ಪತ್ರ ಬರೆದು ಆಗುತ್ತದೆಂದು ತಿಳಿಸಿದರು.

ಪ್ರಶ್ನೆ ಕೇಳಿದವನು ಭೌತಶಾಸ್ತ್ರಜ್ಞನಲ್ಲ ಎಂಬುದನ್ನು ಗಮನಿಸಿ. ಥೈರಾಯ್ಡ್ ಅಯೋಡಿನ್ನಿಗಾಗಿ ಹಾತೊರೆಯುತ್ತದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಅಯೋಡಿನ್ ವಿಕಿರಣಶೀಲವಾಗಬಲ್ಲದು ಎಂಬುದು ಭೌತಶಾಸ್ತ್ರಜ್ಞರಿಗೆ ಗೊತ್ತಿತ್ತು. ಇಬ್ಬರ ಮಾತೂ ಒಂದೇ ಕೋಣೆಯಲ್ಲಿ ಸೇರಬೇಕಾಗಿತ್ತು, ಅಷ್ಟೆ.

ಎಂಐಟಿಯ ರಾಬ್ಲಿ ಎವನ್ಸ್ ತಮ್ಮ ಪ್ರಯೋಗಾಲಯಕ್ಕೆ ಆರ್ಥರ್ ರಾಬರ್ಟ್ಸ್ ಎಂಬ ತರುಣ ಭೌತಶಾಸ್ತ್ರಜ್ಞನನ್ನು ಕರೆತಂದರು. ರೇಡಿಯಂ ಮತ್ತು ಬೆರಿಲಿಯಂ ಬೆರಸಿ ನ್ಯೂಟ್ರಾನುಗಳನ್ನು ಪಡೆದು, ಅವುಗಳಿಂದ ಅಯೋಡಿನ್-128 ತಯಾರಿಸಲಾಯಿತು. 48 ಮೊಲಗಳ ಮೇಲೆ ಪ್ರಯೋಗ ನಡೆಯಿತು. ಗ್ರಂಥಿ ಟ್ರೇಸರನ್ನು ಬೇಗನೆ ಎಳೆದುಕೊಳ್ಳುವುದು ಕಂಡಿತು. ಅತಿಯಾಗಿ ಬೆಳೆದು ಚುರುಕಾಗಿದ್ದ ಗ್ರಂಥಿಗಳು ಇನ್ನೂ ಹೆಚ್ಚು ಎಳೆದುಕೊಂಡವು. ಈ ವರದಿ 1938ರಲ್ಲಿ ಪ್ರಕಟವಾಯಿತು.

ತೊಡಕೊಂದಿತ್ತು. ಅಯೋಡಿನ್-128ರ ಅರ್ಧಾಯು 25 ನಿಮಿಷ. ಅಂದರೆ ಪ್ರತಿ 25 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಒಂದೂಕಾಲು ಗಂಟೆಯಲ್ಲಿ ಉಳಿಯುವುದು ಎಂಟನೆಯ ಒಂದು ಪಾಲು. ಗ್ರಂಥಿಯ ನಿಧಾನದ ಕೆಲಸವನ್ನು ದಿನಗಟ್ಟಲೆ ನೋಡಬೇಕೆಂದರೆ ಈ ದೀಪ ಬಹಳ ಬೇಗ ಆರಿಹೋಗುತ್ತಿತ್ತು.

ಎಂಟು ದಿನದ ದೀಪ

ಅಮೆರಿಕದ ಇನ್ನೊಂದು ಅಂಚಿನಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಅರ್ನೆಸ್ಟ್ ಲಾರೆನ್ಸ್ ಕಟ್ಟಿದ ಸೈಕ್ಲೊಟ್ರಾನ್ ಯಂತ್ರವಿತ್ತು. ಅಲ್ಲಿ ಟ್ರೇಸರ್ ಪ್ರಯೋಗಗಳಲ್ಲಿ ತೊಡಗಿದ್ದ ಜೋಸೆಫ್ ಹ್ಯಾಮಿಲ್ಟನ್ ಈ ಅಲ್ಪಾಯುವಿನ ತೊಂದರೆಯನ್ನು ಗ್ಲೆನ್ ಸೀಬೋರ್ಗ್ ಎಂಬ ರಸಾಯನಶಾಸ್ತ್ರಜ್ಞನ ಬಳಿ ತೋಡಿಕೊಂಡ. ಎಷ್ಟು ಅರ್ಧಾಯು ಇದ್ದರೆ ಅನುಕೂಲ ಎಂದು ಸೀಬೋರ್ಗ್ ಕೇಳಿದ. ಒಂದು ವಾರದಷ್ಟಿದ್ದರೆ ಸಾಕೆಂದು ಉತ್ತರ ಬಂತು. 1938ರಲ್ಲಿ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಅಯೋಡಿನ್-131ನ್ನು ಕಂಡುಹಿಡಿದರು. ಅದರ ಅರ್ಧಾಯು 8 ದಿನ! ಕೇಳಿದ್ದಕ್ಕೆ ಇಷ್ಟು ಹತ್ತಿರದ ವಸ್ತು ಸಿಗುವುದು ವಿಜ್ಞಾನದಲ್ಲಿ ಅಪರೂಪ.

ಹ್ಯಾಮಿಲ್ಟನ್ ಮತ್ತು ವೈದ್ಯ ಮೇಯೋ ಸೋಲಿ 1939–40ರ ವೇಳೆಗೆ ಮನುಷ್ಯರಲ್ಲಿ ಅಧ್ಯಯನ ಆರಂಭಿಸಿದರು. ಟ್ರೇಸರ್ ಬೆರೆತ ದ್ರವವನ್ನು ಕುಡಿಸಿ, ಕತ್ತಿನ ಹತ್ತಿರ ಗೈಗರ್ ಎಣಿಕೆಯಂತ್ರ ಹಿಡಿದರು. ಚಾಕು ತಾಗದೆ, ರಕ್ತ ಹನಿಯದೆ, ಬದುಕಿರುವ ಮನುಷ್ಯನ ಗ್ರಂಥಿ ಮಾಡುವ ಕೆಲಸ ಹೊರಗಿನಿಂದಲೇ ಲೆಕ್ಕಕ್ಕೆ ಸಿಕ್ಕಿತು. ಇಂದಿಗೂ ಈ ಪರೀಕ್ಷೆ ಬಳಕೆಯಲ್ಲಿದೆ. ಆರೋಗ್ಯವಂತ ಗ್ರಂಥಿ ಕೊಟ್ಟ ಟ್ರೇಸರಿನಲ್ಲಿ 24 ಗಂಟೆಗಳಲ್ಲಿ ಸುಮಾರಾಗಿ ನೂರಕ್ಕೆ 10ರಿಂದ 30ರಷ್ಟನ್ನು ಹಿಡಿದುಕೊಳ್ಳುತ್ತದೆ. ಮಿತಿಮೀರಿ ದುಡಿಯುವ ಗ್ರಂಥಿ ಇದಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ.

ಹ್ಯಾಮಿಲ್ಟನ್ನನ ಬಾಳಿನ ಕೊನೆಯನ್ನೂ ಹೇಳಬೇಕು. ವಿಕಿರಣಶೀಲ ವಸ್ತುಗಳನ್ನು ವರ್ಷಗಟ್ಟಲೆ ಮುಟ್ಟಿ ಕೆಲಸ ಮಾಡಿದ ಆತ 1957ರಲ್ಲಿ ರಕ್ತಕ್ಯಾನ್ಸರಿನಿಂದ ತೀರಿಕೊಂಡ. ಆ ದಿನಗಳಲ್ಲಿ ಎಚ್ಚರಿಕೆಯ ನಿಯಮಗಳು ಇನ್ನೂ ರೂಪುಗೊಳ್ಳುತ್ತಿದ್ದವು.

ನೋಡುವ ಉಪಕರಣವೇ ಔಷಧವಾದಾಗ

ಗ್ರಂಥಿ ಇಷ್ಟು ಆಸೆಯಿಂದ ಅಯೋಡಿನ್ ನುಂಗುವುದಾದರೆ, ಟ್ರೇಸರಿನ ಪ್ರಮಾಣವನ್ನು ಹೆಚ್ಚಿಸಿ ಮಿತಿಮೀರಿದ ಗ್ರಂಥಿಯನ್ನು ಒಳಗಿನಿಂದಲೇ ಹತೋಟಿಗೆ ತರಬಾರದೇಕೆ? 1940ರಲ್ಲಿ ಎಂಐಟಿಯಲ್ಲಿ ವೈದ್ಯಕೀಯ ಕೆಲಸಕ್ಕೆಂದೇ ಸೈಕ್ಲೊಟ್ರಾನ್ ಸಿದ್ಧವಾಯಿತು. 1941ರಲ್ಲಿ ಹರ್ಟ್ಸ್ ಮತ್ತು ರಾಬರ್ಟ್ಸ್ ಮೊದಲ ರೋಗಿಗೆ ಚಿಕಿತ್ಸೆಯ ಪ್ರಮಾಣದಲ್ಲಿ ಅಯೋಡಿನ್ ಕೊಟ್ಟರು. ಅದರಲ್ಲಿ ಹೆಚ್ಚಿನ ಪಾಲು 12 ಗಂಟೆ ಅರ್ಧಾಯುವಿನ ಅಯೋಡಿನ್-130. ಅದೇ ವರ್ಷ ಬರ್ಕ್ಲಿಯಲ್ಲೂ ಚಿಕಿತ್ಸೆ ಆರಂಭವಾಯಿತು.

ನಂತರ ಯುದ್ಧ ಬಂತು. 1943ರಲ್ಲಿ ಹರ್ಟ್ಸ್ ನೌಕಾಪಡೆಗೆ ಸೇರಿದ. ಅವನ ರೋಗಿಗಳನ್ನು ವೈದ್ಯ ಅರ್ಲ್ ಚಾಪ್ಮನ್ ನೋಡಿಕೊಂಡರು. ವಿಕಿರಣಶೀಲ ಅಯೋಡಿನ್ನಿನ ಬೆನ್ನಿಗೇ ಹರ್ಟ್ಸ್ ಸಾಧಾರಣ ಅಯೋಡಿನ್ನನ್ನೂ ಕೊಡುತ್ತಿದ್ದುದರಿಂದ, ಗುಣವಾದದ್ದು ಯಾವುದರಿಂದ ಎಂಬ ಸಂದೇಹ ಕೆಲವರಿಗಿತ್ತು. ಚಾಪ್ಮನ್ ಮತ್ತು ಎವನ್ಸ್ ಹೊಸ ರೋಗಿಗಳಿಗೆ ಹೆಚ್ಚಿನ ಪ್ರಮಾಣ ಕೊಟ್ಟು, ಸಾಧಾರಣ ಅಯೋಡಿನ್ನನ್ನು ಕೈಬಿಟ್ಟರು. 1946ರ ಮೇ ತಿಂಗಳಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ತಂಡಗಳ ವರದಿಗಳು ಬಂದವು. ಹರ್ಟ್ಸ್ ಮತ್ತು ರಾಬರ್ಟ್ಸರದು 29 ರೋಗಿಗಳ ಕಥೆ, ಚಾಪ್ಮನ್ ಮತ್ತು ಎವನ್ಸರದು 22 ರೋಗಿಗಳ ಕಥೆ. ಕೀರ್ತಿ ಯಾರದು ಎಂಬ ಜಗ್ಗಾಟ ಬಹುಕಾಲ ನಡೆಯಿತು. ಹರ್ಟ್ಸ್ 1950ರಲ್ಲೇ ತೀರಿಕೊಂಡ. ಮೊದಲ ಪ್ರಶ್ನೆ ಅವನದೆಂಬುದನ್ನು ಇಂದು ಇತಿಹಾಸ ಒಪ್ಪಿಕೊಂಡಿದೆ.

ಅದೇ 1946ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸೀಡ್ಲಿನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಪ್ರಕಟಿಸಿದರು. ಒಬ್ಬ ರೋಗಿಯ ಥೈರಾಯ್ಡನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಲಾಗಿತ್ತು. ಆದರೂ ಹಾರ್ಮೋನು ಹೆಚ್ಚಾದ ಲಕ್ಷಣಗಳೇ ಕಾಣುತ್ತಿದ್ದವು. ಟ್ರೇಸರ್ ಕೊಟ್ಟು ಹುಡುಕಿದಾಗ, ದೇಹದ ಬೇರೆಡೆಗೆ ಹಬ್ಬಿದ್ದ ಥೈರಾಯ್ಡ್ ಕ್ಯಾನ್ಸರಿನ ಗಂಟುಗಳು ಅಯೋಡಿನ್ ಹಿಡಿಯುತ್ತಿರುವುದು ತಿಳಿಯಿತು. ತವರು ಬಿಟ್ಟರೂ ಆ ಜೀವಕೋಶಗಳು ಹಳೆಯ ಚಾಳಿ ಬಿಟ್ಟಿರಲಿಲ್ಲ. ಜಾಡು ತೋರಿದ ಅಯೋಡಿನ್ನೇ ಅವುಗಳ ಚಿಕಿತ್ಸೆಗೂ ಒದಗಿತು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಣುಬಾಂಬಿನ ಯೋಜನೆಗಾಗಿ ಕಟ್ಟಿದ್ದ ಓಕ್ ರಿಡ್ಜ್ ರಿಯಾಕ್ಟರಿನಿಂದ ಐಸೊಟೋಪುಗಳ ಸರಬರಾಜು ಆರಂಭವಾಯಿತು. ಅಯೋಡಿನ್-131 ಅಗ್ಗವಾಯಿತು, ಧಾರಾಳವಾಯಿತು, ಊರೂರಿನ ಆಸ್ಪತ್ರೆಗಳಿಗೆ ತಲುಪಿತು.

ಎಣಿಕೆಯಿಂದ ಚಿತ್ರಕ್ಕೆ

ಗೈಗರ್ ಯಂತ್ರ ಎಷ್ಟು ಎಂದು ಹೇಳುತ್ತಿತ್ತೇ ವಿನಾ ಎಲ್ಲಿ ಎಂದು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. 1950–51ರಲ್ಲಿ ಲಾಸ್ ಏಂಜಲಿಸ್‌ನ ಬೆನೆಡಿಕ್ಟ್ ಕ್ಯಾಸೆನ್ ಒಂದು ಸ್ಕ್ಯಾನರ್ ರಚಿಸಿದ. ವಿಕಿರಣ ತಾಗಿದಾಗ ಮಿನುಗುವ ಹರಳೊಂದನ್ನು, ರೈತ ಉಳುಮೆ ಮಾಡುವಂತೆ, ಕತ್ತಿನ ಮೇಲೆ ಸಾಲುಸಾಲಾಗಿ ಆಚೀಚೆ ಓಡಿಸುತ್ತಿತ್ತು ಆ ಯಂತ್ರ. ಕಾಗದದ ಮೇಲೆ ಚುಕ್ಕೆಗಳಲ್ಲಿ ಗ್ರಂಥಿಯ ನಕ್ಷೆ ಮೂಡುತ್ತಿತ್ತು. ಅದೇ ದಶಕದಲ್ಲಿ ಬರ್ಕ್ಲಿಯ ಹಾಲ್ ಆಂಗರ್ ಗಾಮಾ ಕ್ಯಾಮೆರಾ ನಿರ್ಮಿಸಿ, ಇಡೀ ಚಿತ್ರವನ್ನು ಒಂದೇ ಬಾರಿಗೆ ತೆಗೆಯುವಂತೆ ಮಾಡಿದ. ಅಯೋಡಿನ್ ಹೆಚ್ಚು ಹಿಡಿಯುವ ಗಂಟಿಗೆ ಬಿಸಿಗಂಟು, ಹಿಡಿಯದ ಗಂಟಿಗೆ ತಣ್ಣಗಂಟು ಎಂಬ ಹೆಸರುಗಳು ಹೀಗೆ ಬಂದವು. ತಣ್ಣಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಆದರೆ ಕ್ಯಾನ್ಸರ್ ಇರಬಹುದಾದ ಗಂಟುಗಳು ಸಾಮಾನ್ಯವಾಗಿ ಆ ಗುಂಪಿನಲ್ಲೇ ಇರುವುದರಿಂದ ವೈದ್ಯರು ಅವುಗಳ ಮೇಲೆ ಕಣ್ಣಿಡುತ್ತಾರೆ.

ಟ್ರೇಸರ್ ಹೊಸ ವಸ್ತುಗಳನ್ನೂ ಬೆಳಕಿಗೆ ತಂದಿತು. ಥೈರಾಕ್ಸಿನ್ನಿನ ಅಣುವಿನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಲಿಂಡ್ ಪಿಟ್-ರಿವರ್ಸ್ ವಿಕಿರಣಶೀಲ ಅಯೋಡಿನ್ನಿನ ಜಾಡು ಹಿಡಿದು ಮೂರೇ ಪರಮಾಣುಗಳುಳ್ಳ ಇನ್ನೊಂದು ಹಾರ್ಮೋನನ್ನು ಗುರುತಿಸಿದರು. ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ-4 ಪಕ್ಕದಲ್ಲಿ ಕಾಣುವ ಟಿ-3 ಅದೇ. ನ್ಯೂಯಾರ್ಕಿನ ರೊಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಇನ್‌ಸುಲಿನ್ನಿಗೆ ಇದೇ ಅಯೋಡಿನ್ ಅಂಟಿಸಿ, ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನೂ ಅಳೆಯುವ ವಿಧಾನವನ್ನು 1960ರ ವೇಳೆಗೆ ಸಿದ್ಧಪಡಿಸಿದರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ಕಾಲವಾಗಿದ್ದರು.

ಬೆಟ್ಟದ ಊರುಗಳ ಊದಿದ ಕತ್ತು

ಇಲ್ಲಿಯವರೆಗಿನ ಕಥೆ ಪ್ರಯೋಗಾಲಯ ಮತ್ತು ಆಸ್ಪತ್ರೆಗಳದು. ಇನ್ನು ಹಳ್ಳಿಗಳ ಕಡೆಗೆ ಬರೋಣ. 1951ರಲ್ಲಿ ಬಾಸ್ಟನ್ನಿನ ಜಾನ್ ಸ್ಟ್ಯಾನ್ಬರಿ ತಂಡ ಅರ್ಜೆಂಟೀನಾದ ಮೆಂಡೋಸಾ ಪ್ರಾಂತಕ್ಕೆ ಹೋಯಿತು. ಆಂಡೀಸ್ ಪರ್ವತದ ಬುಡದಲ್ಲಿರುವ ಆ ನಾಡಿನಲ್ಲಿ ಗಳಗಂಡ ಮನೆಮನೆಯ ರೋಗ. ಅಲ್ಲಿಯ ವೈದ್ಯರೊಡನೆ ಸೇರಿ ಟ್ರೇಸರ್ ಕೊಟ್ಟು ನೋಡಿದಾಗ, ಊದಿದ ಗ್ರಂಥಿಗಳು ಹಸಿದವರಂತೆ ಅಯೋಡಿನ್ ಎಳೆದುಕೊಳ್ಳುವುದು ಕಂಡಿತು. ಮೂತ್ರದಲ್ಲಿ ಹೊರಹೋಗುವ ಅಯೋಡಿನ್ ತೀರ ಕಡಿಮೆಯಿತ್ತು. ಗ್ರಂಥಿ ಊದಿದ್ದು ಕೊರತೆಯಿಂದ, ಸಿಕ್ಕಷ್ಟನ್ನೂ ಬಾಚಿಕೊಳ್ಳುವ ಪ್ರಯತ್ನದಲ್ಲಿ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು.

ನಮ್ಮ ಹಿಮಾಲಯದ ತಪ್ಪಲಿನ ಕಥೆಯೂ ಇದೇ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಸುಮಾರು 1 ಲಕ್ಷ ಜನರ ನಡುವೆ ದೀರ್ಘ ಅಧ್ಯಯನ ಆರಂಭಿಸಿದರು. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರಿಯ ಉಪ್ಪು ಹಂಚಲಾಯಿತು. 1962ರ ಹೊತ್ತಿಗೆ ಮೊದಲಿನ ಎರಡು ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಬರಿಯ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ಆಮೇಲೆ ಅಲ್ಲಿಗೂ ಅಯೋಡಿನ್ ಉಪ್ಪು ಬಂತು. ಆ ವಲಯದ ಮಕ್ಕಳು ಅಷ್ಟು ವರ್ಷ ಕಾಯಬೇಕಾಯಿತು ಎಂಬುದನ್ನು ನಾವು ಮರೆಯಬಾರದು. 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ, 1963ರಲ್ಲಿ, ಮುಂಬಯಿಯಲ್ಲಿ ಪರಮಾಣು ಶಕ್ತಿ ಇಲಾಖೆಯ ವಿಕಿರಣ ವೈದ್ಯಕೀಯ ಕೇಂದ್ರ ತಲೆಯೆತ್ತಿತು. 2006ರ ಮೇ 17ರಿಂದ, ನೇರವಾಗಿ ಜನರ ಊಟಕ್ಕೆ ಬಳಕೆಯಾಗುವ ಉಪ್ಪನ್ನು ಅಯೋಡಿನ್ ಬೆರೆಸದೆ ಮಾರುವಂತಿಲ್ಲವೆಂಬ ನಿಯಮ ದೇಶದಲ್ಲಿ ಜಾರಿಗೆ ಬಂತು. ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಈ ಕಣಿವೆಗಳ ಜನರಿದ್ದಾರೆ.

ಕೇಳದೆ ಕೊಟ್ಟ ಅಯೋಡಿನ್

ಗ್ರಂಥಿ ಏನನ್ನೂ ಕೇಳದೆ ಅಯೋಡಿನ್ ತೆಗೆದುಕೊಳ್ಳುತ್ತದೆ. ಆದರೆ ಗ್ರಂಥಿಯ ಒಡೆಯನಾದ ಮನುಷ್ಯನನ್ನೂ ಕೇಳದೆ ಕೊಟ್ಟದ್ದುಂಟು. 1955ರಿಂದ 1957ರವರೆಗೆ ಅಮೆರಿಕದ ವಾಯುಪಡೆಯ ಪ್ರಯೋಗಾಲಯವೊಂದು, ಚಳಿಯನ್ನು ತಾಳಿಕೊಳ್ಳುವುದರಲ್ಲಿ ಥೈರಾಯ್ಡಿನ ಪಾತ್ರವೇನು ಎಂದು ತಿಳಿಯಲು, ಅಲಾಸ್ಕಾದ ನೂರು ಮಂದಿ ಮೂಲನಿವಾಸಿಗಳಿಗೆ ಅಯೋಡಿನ್-131 ಕೊಟ್ಟಿತು. ಹಲವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ತಾವು ಸೇವಿಸುತ್ತಿರುವುದು ವಿಕಿರಣಶೀಲ ವಸ್ತುವೆಂಬ ತಿಳಿವಳಿಕೆ ಅವರಿಗಿರಲಿಲ್ಲ. ಹಾಲೂಡಿಸುತ್ತಿದ್ದ ತಾಯಂದಿರೂ ಆ ಗುಂಪಿನಲ್ಲಿದ್ದರು. 1996ರಲ್ಲಿ ತನಿಖಾ ಸಮಿತಿಯೊಂದು ವರದಿ ಕೊಟ್ಟಿತು. ಪ್ರಮಾಣ ಕಡಿಮೆಯಿದ್ದುದರಿಂದ ಹಾನಿಯ ಸಂಭವ ಬಹಳ ಅಲ್ಪ, ಆದರೂ ಅವರಿಗೆ ಅನ್ಯಾಯವಾಗಿದೆ ಎಂಬುದು ಅದರ ಸಾರ. ಹಾನಿಯಾಗದಿದ್ದರೂ ಅನ್ಯಾಯ ಆಗಬಹುದು ಎಂಬ ಈ ವಿವೇಕ ತಡವಾಗಿ ಬಂತು.

1986ರ ಏಪ್ರಿಲ್ 26ರಂದು ಚೆರ್ನೊಬಿಲ್ ರಿಯಾಕ್ಟರ್ ಸಿಡಿದಾಗ ಗಾಳಿಗೆ ಸೇರಿದ್ದರಲ್ಲೂ ಈ ಅಯೋಡಿನ್-131 ಇತ್ತು. ಅದು ಹುಲ್ಲಿನ ಮೇಲೆ ಬಿತ್ತು, ಹಸು ಮೇಯಿತು, ಹಾಲಿನಲ್ಲಿ ಬಂತು, ಮಕ್ಕಳು ಕುಡಿದರು. ಮುಂದಿನ ವರ್ಷಗಳಲ್ಲಿ ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾಗಳಲ್ಲಿ ಬಾಲ್ಯದಲ್ಲಿ ಈ ಹಾಲು ಕುಡಿದ ಸಾವಿರಾರು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಪಕ್ಕದ ಪೋಲೆಂಡ್ ಆ ಕೂಡಲೇ 1 ಕೋಟಿಗೂ ಹೆಚ್ಚು ಮಕ್ಕಳಿಗೆ ಸಾಧಾರಣ ಅಯೋಡಿನ್ ಕುಡಿಸಿತು. ಗ್ರಂಥಿಯ ಹೊಟ್ಟೆ ಮೊದಲೇ ತುಂಬಿದ್ದರೆ ವಿಕಿರಣದ ಅಯೋಡಿನ್ನಿಗೆ ಜಾಗವಿರುವುದಿಲ್ಲ ಎಂಬ ಈ ಉಪಾಯವೂ ಟ್ರೇಸರ್ ಅಧ್ಯಯನಗಳು ಕಲಿಸಿದ್ದೇ.

ನಿಮಗೆ ಪರೀಕ್ಷೆ ಬರೆದುಕೊಟ್ಟರೆ

ಇಂದು ಥೈರಾಯ್ಡ್ ಸ್ಕ್ಯಾನಿಗೆ ಅಯೋಡಿನ್-131ಕ್ಕಿಂತ ಸೌಮ್ಯವಾದ, 13 ಗಂಟೆ ಅರ್ಧಾಯುವಿನ ಅಯೋಡಿನ್-123 ಅಥವಾ 6 ಗಂಟೆ ಅರ್ಧಾಯುವಿನ ಟೆಕ್ನೀಷಿಯಮ್ ಬಳಸುವುದು ಹೆಚ್ಚು. ಅಯೋಡಿನ್-131 ಮುಖ್ಯವಾಗಿ ಚಿಕಿತ್ಸೆಗೆ ಉಳಿದಿದೆ. ಪರೀಕ್ಷೆಯ ಪ್ರಮಾಣವೇ ಬೇರೆ, ಚಿಕಿತ್ಸೆಯ ಪ್ರಮಾಣವೇ ಬೇರೆ. ಆದ್ದರಿಂದ ವಿಕಿರಣ ಎಂಬ ಹೆಸರು ಕೇಳಿದೊಡನೆ ಬೆಚ್ಚಬೇಕಾಗಿಲ್ಲ. ಆದರೆ ಕೇಳಬೇಕಾದ್ದನ್ನು ಕೇಳಲು ಹಿಂಜರಿಯಬೇಡಿ. ಕೊಡುವ ವಸ್ತು ಯಾವುದು? ಎಷ್ಟು ಪ್ರಮಾಣ? ಏತಕ್ಕೆ? ಬಸುರಿಯಾಗಿದ್ದರೆ, ಬಸುರಿನ ಅನುಮಾನವಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಗರ್ಭದೊಳಗಿನ ಕೂಸಿನ ಥೈರಾಯ್ಡೂ ಮೂರು ತಿಂಗಳ ಹೊತ್ತಿಗೆ ಅಯೋಡಿನ್ ಹಿಡಿಯಲು ತೊಡಗಿರುತ್ತದೆ. ಚಿಕಿತ್ಸೆ ಪಡೆದು ಮನೆಗೆ ಬಂದವರು ಮಕ್ಕಳಿಂದ ಎಷ್ಟು ದಿನ ದೂರವಿರಬೇಕೆಂದು ಆಸ್ಪತ್ರೆಯವರು ಹೇಳುತ್ತಾರೆ. ಅದನ್ನು ತಪ್ಪದೆ ಪಾಲಿಸಿ.

ಒಬ್ಬ ವೈದ್ಯ ಸಭೆಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆಯಿಂದ ಈ ವಿದ್ಯೆ ಹುಟ್ಟಿತು. ಆ ಪ್ರಶ್ನೆ ಕೇಳುವ ಹಕ್ಕು ವೈದ್ಯರಷ್ಟೇ ರೋಗಿಗೂ ಇದೆ. ಗ್ರಂಥಿಗೆ ಬಾಯಿಲ್ಲ, ನಿಮಗಿದೆ.